ನಾಲಿಗೆ

ಗುರುಪುರದ ಕ್ಯಾಂಪಿನ ಬಸ್ಸು ಬರುವ ಹೊತ್ತಿಗೆ
ಹುಣಸೂರಿನ ಆಸ್ಪತ್ರೆಯ ಹನ್ನೊಂದನೇ ಕೋಣೆಯಲ್ಲಿ
ನಾನು ಕಿಟಕಿಗಳನ್ನೆಲ್ಲ ತೆರೆದಿಟ್ಟಿರುತ್ತೇನೆ.
ಕಫ ಪರೀಕ್ಷೆಯ ಕೋಣೆಗೆ ಗಾಳಿ ಬೇಕು.
ಗಾಳಿ ಕರೆದರೆ, ಕರೆಯದ
ಹೊಗೆಸೊಪ್ಪಿನ ಬ್ಯಾರನ್ನಿನ ಘಾಟೂ
ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತದೆ.

ಯಾಂಗ್ಕಿ ಅಜ್ಜಿ ಬಂದದ್ದು ಶ್ರಾವಣದಲ್ಲಿ.
ಬಾಗಿಲಲ್ಲೇ ನಿಂತು, ತಲೆ ತಗ್ಗಿಸಿ,
ನಾಲಿಗೆ ಚಾಚಿದಳು.
ವಾಚ್‌ಮನ್ ಬೆಟ್ಟೇಗೌಡ ಬಾಯಿಗೆ ಟವೆಲ್ಲು ಒತ್ತಿಕೊಂಡು ನಕ್ಕ.
ನಾನಂದುಕೊಂಡೆ: ಪಾಪ, ಎಷ್ಟು ಆಸ್ಪತ್ರೆ ಸುತ್ತಿದ್ದಾಳೋ,
ಮಾತ್ರೆ ಕೊಡುವ ಮೊದಲೇ
ನುಂಗಿದ್ದೇನೆಂದು ತೋರಿಸುತ್ತಿದ್ದಾಳೆ.

ತೂಕ: ಮೂವತ್ತೆಂಟು.
ವಯಸ್ಸು: ಮೊಲದ ವರ್ಷ, ಅಂದಳು ಮೊಮ್ಮಗಳು ಪೆಸಂಗ್,
ಬೆರಳು ಮಡಚಿ ಮಡಚಿ ಎಣಿಸಿ, ಎಪ್ಪತ್ತು ದಾಟಿದೆ.
ಕಾಯಂ ವಿಳಾಸ?
ಅಜ್ಜಿ ಯಾವುದೋ ಊರಿನ ಹೆಸರು ಹೇಳಿದಳು.
ಮೂರು ಸಲ ಹೇಳಿಸಿದೆ. ನನ್ನ ಪೆನ್ನಿಗೆ
ಆ ಒತ್ತಕ್ಷರ ಬಗ್ಗಲಿಲ್ಲ.
‘ಗುರುಪುರ ಅಂತಲೇ ಬರ್ಕೊಳಿ ಸಿಸ್ಟರ್,
ಪೊಲೀಸ್ನೋರು ಕೊಟ್ಟಿರೋ ಪುಸ್ತಕದಲ್ಲೂ ಹಂಗೇ ಇದೆ.’
ಬರೆದೆ. ಕನ್ನಡ ಓದಲು ಬಾರದ ಅಜ್ಜಿ
ನನ್ನ ಕೈಯನ್ನೇ ನೋಡುತ್ತಿದ್ದಳು,
ಹೇಳಿದ್ದಕ್ಕಿಂತ ಬರೆದದ್ದು ಗಿಡ್ಡ ಎಂದು ತಿಳಿದಂತೆ.

ನಾನು ಹೇಳುವುದು ಉದ್ದ:
ಆರು ತಿಂಗಳು, ಒಂದು ದಿನವೂ ತಪ್ಪಬಾರದು,
ತಪ್ಪಿದರೆ ರೋಗ ಮದ್ದನ್ನೇ ಕಲಿತುಬಿಡುತ್ತೆ.
ಪೆಸಂಗ್ ಅದನ್ನು ನಾಲ್ಕೇ ಮಾತಲ್ಲಿ ಮುಗಿಸುತ್ತಾಳೆ.
ನಾನು ‘ಹೆದರಬೇಡಿ’ ಅಂದರೆ
ಐದು ನಿಮಿಷ ಹೇಳುತ್ತಾಳೆ,
ನಡುವೆ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾಳೆ,
ಆಮೇಲೆ ಇಬ್ಬರೂ ನಗುತ್ತಾರೆ.
ಏನಂದೆಯಮ್ಮ?
‘ಹೆದರಬೇಡಿ ಅಂದೆ ಸಿಸ್ಟರ್.’

ನೋವು ಯಾವ ಥರ? ಉರಿಯೋ, ಸೆಳೆತವೋ, ಚುಚ್ಚೋ?
ಅಜ್ಜಿ ಬೆನ್ನಿನ ಮೇಲೆ ಕೈಯಿಟ್ಟು
ನೀರು ಹೆಪ್ಪುಗಟ್ಟುವುದನ್ನು ಬೆರಳಲ್ಲಿ ತೋರಿಸಿದಳು.
ನನ್ನ ಭಾಷೆಯಲ್ಲಿ ಅಂಥ ನೋವಿಲ್ಲ.
‘ಇತರೆ’ ಎಂಬ ಕಡೆ ಗುರುತು ಹಾಕಿದೆ.

ಉಚ್ಚೆ ಕೆಂಪಗೆ ಹೋಗುತ್ತೆ, ಅದು ಮಾತ್ರೆಯ ಬಣ್ಣ, ಅಂದೆ.
ಮಾರನೇ ವಾರ ಅಜ್ಜಿ ನನ್ನ ಕಿವಿಯ ಹತ್ತಿರ ಬಗ್ಗಿ
ಏನೋ ಪಿಸುಗುಟ್ಟಿದಳು.
ಪೆಸಂಗ್ ಮುಖ ಮುಚ್ಚಿಕೊಂಡು ಬಿಡಿಸಿ ಹೇಳಿದಳು:
‘ಮಠಕ್ಕೆ ಸೇರದೇನೇ ಸನ್ಯಾಸಿಯಾದೆ ಅಂತಾಳೆ.’

ನಾಲಿಗೆಯ ವಿಷಯ ತಿಳಿದದ್ದು ಎಷ್ಟೋ ದಿನದ ಮೇಲೆ.
ಅವರ ಕಡೆ ಹಿಂದೆ ಕರಿನಾಲಿಗೆಯ ರಾಜನೊಬ್ಬ ಇದ್ದನಂತೆ.
ನಾನು ಅವನಲ್ಲ, ನನ್ನಲ್ಲಿ ಕೇಡಿಲ್ಲ ಎಂದು
ದೊಡ್ಡವರೆದುರು ನಾಲಿಗೆ ತೋರಿಸುತ್ತಾರಂತೆ.
ಅಂದರೆ ಇಷ್ಟು ದಿನ
ನನಗಿಂತ ಮೂವತ್ತು ವರ್ಷ ಹಿರಿಯಳು
ಬಾಗಿಲಲ್ಲಿ ನಿಂತು ನನಗೆ ನಮಸ್ಕರಿಸುತ್ತಿದ್ದಳು.
ನಾನು ಟಾರ್ಚು ಬಿಟ್ಟು
ಮಾತ್ರೆ ಅಡಗಿಸಿದ್ದಾಳೋ ಎಂದು ಹುಡುಕುತ್ತಿದ್ದೆ.

ದಸರೆ ಕಳೆಯಿತು. ಸ್ವೆಟರ್ ಸೀಸನ್.
ಕ್ಯಾಂಪಿನ ಅರ್ಧ ಜನ ಮೂಟೆ ಕಟ್ಟಿ ರೈಲು ಹತ್ತುತ್ತಾರೆ.
ಯಾಂಗ್ಕಿಗೆ ನಾಂದೇಡದಲ್ಲಿ ನಲವತ್ತು ವರ್ಷದ ಜಾಗ,
ಬಿಟ್ಟರೆ ಬೇರೆಯವರ ಪಾಲು.
ಬೇಡ ಅಂದೆ. ಬೈದೆ ಕೂಡ.
ಪೆಸಂಗ್ ನನ್ನ ಬೈಗುಳ ಅನುವಾದಿಸಲಿಲ್ಲ.
ಕೊನೆಗೆ ಅಲ್ಲಿನ ಆಸ್ಪತ್ರೆಗೊಂದು ಕಾಗದ ಬರೆದು
ತಿಂಗಳ ಮಾತ್ರೆ ಎಣಿಸಿ ಕೊಟ್ಟೆ.
ಅಜ್ಜಿ ಪಟ್ಟಿಗಳನ್ನು ಉಣ್ಣೆಯ ಕಾಲುಚೀಲದೊಳಗೆ ಇಳಿಸಿದಳು.
ತೂಕ ನಲವತ್ತೆರಡೂವರೆ.

ಈಗ ರಾತ್ರಿ ಎಂಟಕ್ಕೆ ವಿಡಿಯೊ ಕರೆ.
ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತ
ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸುತ್ತೇನೆ.
ತೂಗುಬಿದ್ದ ಕೆಂಪು, ನೀಲಿ ತೋಳುಗಳ ನಡುವೆ ಅವಳ ಮುಖ.
ಗ್ರಾಹಕನೊಬ್ಬ ಮರಾಠಿಯಲ್ಲಿ ರೇಟು ಕೇಳುತ್ತಿದ್ದಾನೆ,
‘ತಡಿ’ ಎಂದು ಅವನಿಗೆ ಕನ್ನಡದಲ್ಲಿ ಹೇಳಿ
ಮಾತ್ರೆ ನುಂಗುತ್ತಾಳೆ, ನೀರು ಕುಡಿಯುತ್ತಾಳೆ,
ತಲೆ ತಗ್ಗಿಸಿ ನಾಲಿಗೆ ಚಾಚುತ್ತಾಳೆ.
ಸಿಗ್ನಲ್ಲು ಹೋಗಿ ಅಲ್ಲೇ ನಿಂತುಬಿಡುತ್ತದೆ.

ಮದ್ದಿನ ಲೆಕ್ಕವೋ, ನಮಸ್ಕಾರವೋ.
ರಿಜಿಸ್ಟರಿನಲ್ಲಿ ಇರುವುದು ಒಂದೇ ಕಲಂ.
ಹಿಟ್ಟು ಮೆತ್ತಿದ ಕೈಯಲ್ಲೇ
ಗುರುತು ಹಾಕಿದೆ.